ಎಂಟನೆಯ ಚಿತ್ರ

ಉರ್ವದಿಂದ ಮಣ್ಣಗುಡ್ಡಕ್ಕೆ ಬರುವ ಒಳದಾರಿಯಲ್ಲಿ, ಯಾರೂ ವಾಸವಿಲ್ಲದ ಹಿತ್ತಲೊಂದರ ಮೂಲೆಗೆ, ಕೆಂಪುಕಲ್ಲಿನ ಕಟ್ಟೆಯ ಬಾವಿಯೊಂದು ಉಂಟು. ನನ್ನ ದೊಡ್ಡಮ್ಮನ ಮಗ ವಿಭವ ಅವತ್ತು ಆ ದಾರಿಯಾಗಿ ಮನೆಗೆ ಬಂದದ್ದು ಪೂರ್ತಿ ಕತ್ತಲಾದ ಮೇಲೆ. ಒಬ್ಬನೇ. ಈ ಮಾತು ನೆನಪಿರಲಿ... ಒಬ್ಬನೇ.

ಕೊರಳಲ್ಲಿ ಮಡಚುವ ಕ್ಯಾಮೆರಾ ತೂಗುತ್ತಿತ್ತು. ಗುಂಡಿ ಒತ್ತಿದರೆ ಮುಚ್ಚಳ ತೆರೆದು, ಹಾರ್ಮೋನಿಯಂ ತಿದಿಯಂಥ ಕಪ್ಪು ಮಡಿಕೆಗಳು ಬಿಚ್ಚಿ, ಲೆನ್ಸು ಮುಂದೆ ಬಂದು ನಿಲ್ಲುವ ಹಳೆಯ ಯಂತ್ರ. ಒಳಗೆ ಅಗಲವಾದ ಫಿಲ್ಮಿನ ಸುರುಳಿ. ಸುರುಳಿಗೆ ಎಂಟೇ ಚಿತ್ರ. ಒಂದು ತೆಗೆದ ಮೇಲೆ ಕೈಯಾರೆ ಕೀಲಿ ತಿರುಗಿಸಬೇಕು. ಆಗ ಬೆನ್ನಿನ ಪುಟ್ಟ ಕೆಂಪು ಗಾಜಿನಲ್ಲಿ ಮುಂದಿನ ಅಂಕಿ ಮೂಡುತ್ತದೆ.

ಈ ಯಂತ್ರ ಕೈಗೆ ಬಂದಂದಿನಿಂದ ಫೋನಿನಲ್ಲಿ ಫೋಟೋ ತೆಗೆಯುವ ಮನುಷ್ಯರು ವಿಭವನ ಕಣ್ಣಿಗೆ ಹುಳುಗಳಂತೆ ಕಾಣತೊಡಗಿದರು. ಅವರಿಗೆ ತಾಳ್ಮೆಯಿಲ್ಲ, ಎಚ್ಚರವಿಲ್ಲ, ಲೆಕ್ಕವಿಲ್ಲ ಎಂದು ಮದುವೆಮನೆಗಳಲ್ಲಿ ಊಟದ ಪಂಕ್ತಿಯಲ್ಲಿ ಕೂತು ಉಪದೇಶಿಸುತ್ತಿದ್ದ. ಬೆಳಕನ್ನು ಅಳೆಯಬೇಕಾದಾಗ ಮಾತ್ರ ಅತ್ತ ತಿರುಗಿ, ಜೇಬಿನಿಂದ ಮೆಲ್ಲನೆ ಅದೇ ಫೋನನ್ನು ತೆಗೆಯುತ್ತಿದ್ದ.

ಅವನ ತಾಯಿ, ನನ್ನ ದೊಡ್ಡಮ್ಮ ಸತ್ಯವತಿ, ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿದವರು. ಫೋಟೋ ಎಂದರೆ ಮುಖ ತಿರುಗಿಸುವವರು. ಆರತಿಯ ಹೊತ್ತಿಗೂ ಫೋನು ಎತ್ತಿ ಹಿಡಿಯುವವರಿಗೆ ಮುಖ ಕೊಡುವ ಗತಿ ತನಗಿನ್ನೂ ಬಂದಿಲ್ಲ ಎನ್ನುತ್ತಿದ್ದರು. ಅವರ ಒಂದೇ ಒಂದು ಚಿತ್ರವೂ ಮನೆಯಲ್ಲಿರಲಿಲ್ಲ. ಹೃದಯ ಸೋತಿತ್ತು, ಗೋಡೆ ಹಿಡಿದು ಕೋಣೆಯಿಂದ ಸಿಟೌಟಿಗೆ ಬರುವುದೇ ಅವರ ಪ್ರಯಾಣವಾಗಿತ್ತು. ಮಗ ಗೋಗರೆದ ಮೇಲೆ, ಈ ಹಳೆಯ ಕ್ಯಾಮೆರಾಕ್ಕಾದರೆ ಕೂರುತ್ತೇನೆಂದು ಒಪ್ಪಿದ್ದರು. ಒಂದೇ ಚಿತ್ರ. ಮರುದಿನ ಬೆಳಿಗ್ಗೆ.

ಸುರುಳಿಯ ಎಂಟರಲ್ಲಿ ಏಳನ್ನು ವಿಭವ ತುಕ್ಕು ಹಿಡಿದ ಗೇಟುಗಳ ಮೇಲೆ ವ್ಯಯಿಸಿದ್ದ. ಅವನ ಮಟ್ಟಿಗೆ ಅದು ಕಲೆ. ಎಂಟನೆಯದು ಅಮ್ಮನಿಗೆಂದು ಉಳಿದಿತ್ತು. ಬೇರೆ ಸುರುಳಿ ಕೊರಿಯರಿನಲ್ಲಿ ಬರಬೇಕಷ್ಟೆ.

ಅವತ್ತು ಸಂಜೆ ಉರ್ವದಲ್ಲಿ ಎಲೇನ್ ಬಾಯಿಯ ಮನೆಗೆ ಹೋಗಿದ್ದ. ಕ್ಯಾಮೆರಾ ಆಕೆಯ ತೀರಿಹೋದ ಅಣ್ಣ ಪಿಯುಸನದು. ಅದರ ಚರ್ಮದ ಚೀಲ ಈಗ ಸಿಕ್ಕಿತ್ತು. ಚೀಲ ಕೊಟ್ಟು, ಗೇಟಿನವರೆಗೆ ಬಂದು, ಆಕೆ ದನಿ ತಗ್ಗಿಸಿದಳು.

“ಭಟ್ರೇ, ಬಾವಿಯ ಮೇಲೆ ಮಾತ್ರ ಆ ಕ್ಯಾಮೆರಾ ಬಿಡಿಸಬೇಡಿ. ಅಣ್ಣ ಬಿಡಿಸ್ತಿರಲಿಲ್ಲ.”

“ಎಂತಕ್ಕೆ?”

“ಅಲ್ಲಿ ಅದು ಎರಡೂ ಕಡೆಗೆ ನೋಡ್ತದೆ ಅಂತ...”

ವಿಭವ ದಾರಿಯುದ್ದಕ್ಕೂ ನಕ್ಕ. ಬಾವಿ ಎದುರಾದಾಗ ನಗು ಸಾಲದೆನಿಸಿತು. ಇಂಥ ಮೂಢರಿಗೆ ನಾಳೆ ಹೇಳಿ ನಗಲು ಒಂದು ಕತೆಯಾದರೂ ಬೇಕಲ್ಲ. ಗುಂಡಿ ಒತ್ತಿದ. ಟಕ್... ಮುಚ್ಚಳ. ಸರಕ್... ತಿದಿ. ಎರಡೂ ಕೈಗಳಲ್ಲಿ ಕ್ಯಾಮೆರಾದ ತಳ ಹಿಡಿದು ಕಟ್ಟೆಯ ಮೇಲೆ ಬಗ್ಗಿದ. ಕೆಳಗೆ ಕಪ್ಪು. ಇನ್ನಷ್ಟು ಬಗ್ಗಿದ.

ಚಿಕ್.

ಬಳೆಗೆ ಬಳೆ ತಾಗಿದಷ್ಟೇ ಸಣ್ಣ ಸದ್ದು. ಅವನ ಬೆರಳು ಎಲ್ಲಿಯೂ ಒತ್ತಿರಲಿಲ್ಲ. ಉಸಿರು ಹಿಡಿದು ಕೇಳಿದ... ಕಿರ್‍ರ್... ಕಿರ್‍ರ್... ಕಿರ್‍ರ್... ಕೀಲಿ ತಿರುಗುತ್ತಿತ್ತು. ಕೈಯಲ್ಲಿ ಅಲ್ಲ. ಕೆಳಗೆ, ನೀರಿನ ಹತ್ತಿರ.

ಕಾಲು ಜಾರಿತೋ, ಕಟ್ಟೆಯ ಕಲ್ಲು ಅಲುಗಿತೋ, ಅವನಿಗೆ ತಿಳಿಯದು. ಕೊರಳು ಬಿಗಿದಂತಾಗಿ ಹಿಂದಕ್ಕೆ, ಹಿತ್ತಲ ಹುಲ್ಲಿನ ಮೇಲೆ ಬಿದ್ದಿದ್ದ. ಎದ್ದವನು ತಿರುಗಿ ನೋಡಲಿಲ್ಲ.

ಮನೆಗೆ ಬಂದು ದೀಪದಡಿ ಕೆಂಪು ಗಾಜನ್ನು ನೋಡಿದ. ಎಂಟು ಇರಲಿಲ್ಲ. ಫಿಲ್ಮಿನ ಬೆನ್ನಿಗಿರುವ ಬರಿಯ ಕಾಗದ. ಫಿಲ್ಮು ಕೊನೆಯವರೆಗೆ ಸುತ್ತಿಹೋಗಿತ್ತು. ಒಳಗೆ ಅವನ ಹೆಂಡತಿ ಭಾರ್ಗವಿ ಅತ್ತೆಗೆ ಗಂಜಿ ಕುಡಿಸುತ್ತಿದ್ದಳು. ಸಂಜೆಯಿಂದ ಅವಳು ಅತ್ತೆಯ ಬಳಿಯಿಂದ ಕದಲಿರಲಿಲ್ಲ.

ಬೆಳಿಗ್ಗೆ ದೊಡ್ಡಮ್ಮ ಪೆಟ್ಟಿಗೆಯ ತಳದಿಂದ ದೊಡ್ಡ ಚೌಕಳಿಯ ಸೀರೆಯೊಂದನ್ನು ತೆಗೆಸಿ ಉಟ್ಟರು. ವರ್ಷಗಟ್ಟಲೆ ಮಡಚಿಟ್ಟದ್ದರಿಂದ ಭುಜದ ಮೇಲೆ ಮಡಿಕೆಯ ಗೆರೆಯೊಂದು ಅಡ್ಡಲಾಗಿ ಬಿದ್ದಿತ್ತು. ಕುರ್ಚಿಯಲ್ಲಿ ನೆಟ್ಟಗೆ ಕೂತರು.

“ಫಿಲ್ಮು ಉಂಟಾ?”

“ಉಂಟಮ್ಮ.”

ಊರಿಗೆಲ್ಲ ಎಚ್ಚರ ಕಲಿಸಿದವನ ಬಾಯಲ್ಲಿ ‘ಮುಗಿದಿದೆ’ ಎಂಬ ಒಂದು ಮಾತು ಹೊರಡಲಿಲ್ಲ. ಹೊಸ ಸುರುಳಿ ಬಂದ ಮೇಲೆ ಇನ್ನೊಮ್ಮೆ ಕೂರಿಸಿದರಾಯಿತು ಎಂದುಕೊಂಡು ಬರಿದಾದ ಕ್ಯಾಮೆರಾವನ್ನು ಒತ್ತಿದ. ಚಿಕ್. ದೊಡ್ಡಮ್ಮ ಅವನನ್ನೇ ನೋಡುತ್ತಿದ್ದರು. ಆಮೇಲೆ, ಸೊಸೆಗೆ ಕೇಳದಷ್ಟು ಮೆಲ್ಲಗೆ, “ಇನ್ನು ಅಷ್ಟೆಲ್ಲ ಬಗ್ಗಬೇಡ ಮಾರಾಯ,” ಎಂದರು.

ವಿಭವ ಯಾರಿಗೂ ಏನನ್ನೂ ಹೇಳಿರಲಿಲ್ಲ.

ಕೊರಿಯರ್ ಬರುವ ಮೊದಲೇ ದೊಡ್ಡಮ್ಮ ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜಕ್ಕೆ ಹೂ ಹಾಕಿಡಲು ಫೋಟೋ ಬೇಕಿತ್ತು. ಅವತ್ತು ತೆಗೆದದ್ದುಂಟಲ್ಲ ಎಂದಳು ಭಾರ್ಗವಿ. ಬಂದ ನೆಂಟರೆಲ್ಲ ಅದನ್ನೇ ಅಂದರು. ಇಲ್ಲವೆನ್ನಲಾರದ ಆ ಗಂಡಸು ಫಿಲ್ಮು ಹಿಡಿದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ಫಿಲ್ಮು ತೊಳೆದು ಚಿತ್ರ ಮೂಡಿಸುವುದನ್ನು ಅವನು ಅಲ್ಲೇ ಮಾಡುತ್ತಿದ್ದ. ಈ ಸಲವೂ ತೊಳೆಯುವ ನಾಟಕ ಮಾಡಿ, ಹಾಳಾಯಿತೆಂದು ಹೇಳುವ ಯೋಚನೆ.

ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಭಾರ್ಗವಿಯೇ ಬಾಗಿಲು ತಳ್ಳಿದಳು. ಬಟ್ಟೆ ಒಣಗಿಸುವ ಹಗ್ಗಕ್ಕೆ ಫಿಲ್ಮು ತೂಗುತ್ತಿತ್ತು. ಏಳು ಗೇಟು. ಎಂಟನೆಯದರಲ್ಲಿ ಬಾವಿಯ ಬಾಯಿ, ಒಳಗಿನಿಂದ ಕಂಡಂತೆ, ಬಟ್ಟಲಿನಷ್ಟು ಆಕಾಶ. ಅದಕ್ಕೆ ಅಡ್ಡಲಾಗಿ ಬಗ್ಗಿದ ವಿಭವ, ಕೈಯಲ್ಲಿ ಬಿಡಿಸಿದ ಕ್ಯಾಮೆರಾ. ಅವನ ಬೆನ್ನಿಗೆ ದೊಡ್ಡಮ್ಮ. ಚೌಕಳಿಯ ಸೀರೆ, ಭುಜದಲ್ಲಿ ಮಡಿಕೆಯ ಗೆರೆ. ಒಂದು ಕೈ ಮಗನ ಅಂಗಿಯ ಕಾಲರನ್ನು ಹಿಡಿದಿದೆ. ಕಣ್ಣು ನೇರವಾಗಿ ಲೆನ್ಸಿಗೆ. ಮುಖದಲ್ಲಿ ಭಯವಿಲ್ಲ, ತರಗತಿಯ ಕಡು ದಡ್ಡನನ್ನು ಎಳೆದು ನಿಲ್ಲಿಸಿದ ಅಧ್ಯಾಪಕಿಯ ತಾತ್ಸಾರ.

ಆ ಮುಖವನ್ನಷ್ಟೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದಾರೆ. ಯಾಕೆ ಕೆಳಗೆ ನೋಡುತ್ತಿದ್ದಾರೆಂದು ಬಂದವರು ಕೇಳುತ್ತಾರೆ. ವಿಭವ ಈಗ ಉಪದೇಶ ಮಾಡುವುದಿಲ್ಲ.

ನಂಬದವರು ನಂಬದಿರಿ. ನಾನು ಆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದವಳು. ಇನ್ನೊಂದು ಮಾತು, ಭಾರ್ಗವಿ ನನಗೊಬ್ಬಳಿಗೇ ಹೇಳಿದ್ದು... ಆ ಸಂಜೆಯ ಅಂಗಿಯನ್ನು ಒಗೆಯುವಾಗ ಕಾಲರಿನ ಗುಂಡಿ ಕಿತ್ತುಹೋಗಿತ್ತಂತೆ. ಎಲ್ಲ ಕಡೆ ಹುಡುಕಿದಳಂತೆ. ಬೊಜ್ಜ ಮುಗಿದ ಮೇಲೆ ಸಿಕ್ಕಿತು, ದೊಡ್ಡಮ್ಮನ ಕನ್ನಡಕದ ಡಬ್ಬಿಯೊಳಗೆ.