ಮಿರಗದ ಮೊದಲನೇ ಆಟ

ನಗಬ್ಯಾಡಲೇ ಹುಸೇನ್ಯಾ! ನಗೂ ಮಾತು ಹೇಳಾಕ ಬಾಗಲಕೋಟಿಯಿಂದ ಇಳಕಲ್‌ ತನಕ ಬಂದೀನೇನು ನಾ? ಅಮೀನಗಡದ ಮಟ ಎತ್ತಿನ ಗಾಡಿ, ಅಲ್ಲಿಂದ ಹುನಗುಂದ ದಾಟಿ ನಡಕೋಂತ ಬಂದೀನಿ. ನೋಡಿಲ್ಲೆ ಕಾಲು, ಹೆಂಗ ಬಾತಾವು... ಹ್ಞಾಂ, ನೇಯಿ, ನೇಯಿ. ಕೆಲಸ ಬಿಡಬ್ಯಾಡ. ನೀ ಮಗ್ಗದ ಕುಣಿಯೊಳಗ ಕಾಲು ಇಳಿಬಿಟ್ಟು ತುಳೀತಿರು, ನಾ ಇಲ್ಲೇ ಕೂತು ಹೇಳತೇನಿ. ನಿಮ್ಮ ಮಾಮಾ ಮನ್ಯಾಗ ಇಲ್ಲಲ್ಲ? ಅವ್ವ? ಸಂತಿಗೆ ಹೋಗ್ಯಾಳ? ಚಲೋ ಆತು.

ಏನ್ ಹೇಳಾಕತ್ತಿದ್ನಿ... ಮೋಸ. ಮೋಸ ಆಗೇತಲೇ ನಮಗ! ನಿನಗಷ್ಟ ಅಲ್ಲ, ಇಬ್ಬರಿಗೂ. ಆ ಹಾಲ್ಟನ್ ಸಾಹೇಬ, ರೇಲ್ವೆ ಕ್ಲಬ್ಬಿನ ಹಾಲ್ಟನ್, ಏನಂದಿದ್ದ ನಮ್ಮ ಮುಂದ? ನೆನಪು ಮಾಡ್ಕೊ. ಹೋದ ವರ್ಷದ ಮಾತು, ರಾಣಿ ಸತ್ತು ಹೊಸಾ ಬಾದಶಾ ಪಟ್ಟಕ್ಕ ಬಂದ ವರ್ಷ. ನೀ ಕಲ್ಲಿದ್ದಲಿ ಹೊರಾಂವ. ನಾ ಪ್ಲಾಟ್‌ಫಾರ್ಮಿನ ಮ್ಯಾಲ ತಂಬಿಗಿ ಹಿಡಕೊಂಡು ಗಾಡಿ ಮಂದಿಗೆ ನೀರು ಹಾಕೋ ಅಯ್ಯ. ಸಾಹೇಬರು ಆಡೂಮುಂದ ಚಂಡು ಬೇಲಿ ಜಿಗಿದು ಬರ್ತಿತ್ತು, ನೀ ಒಂದ ಒದಿತಕ್ಕ ಹೊಳ್ಳಿ ಮೈದಾನದ ನಡಕ್ಕ ಕಳಸ್ತಿದ್ದಿ. ಹಂಗ ಅಲ್ಲೇನು ಅಂವಾ ನಮ್ಮನ್ನ ಒಳಗ ಕರದದ್ದು? ಅವರ ಮಂದ್ಯಾಗ ನಾಕು ಜನಾ ಚಳಿಜ್ವರಾ ಬಂದು ಮಲಗಿದ್ರು, ಅದಕ್ಕ ಕರದ! ಇಲ್ಲಾಂದ್ರ ನಮ್ಮನ್ನ ಯಾರು ಕೇಳ್ತಿದ್ರು?

ನಾ ಅಂತೂ ಮನ್ಯಾಗ ಎಷ್ಟು ಬೈಸಿಕೊಂಡ್ನಿ! ನಮ್ಮವ್ವ ಗುರುಲಿಂಗವ್ವ, "ಕೊರಳಾಗ ಲಿಂಗ ಐತಿ, ತೊಗಲಿನ ಚಂಡು ಮುಟ್ಟಿ ಬರ್ತೀಯಲ್ಲೋ, ಹೊರಗ ನಿಂದರು" ಅಂತ ಹಿತ್ತಲದಾಗ ತಣ್ಣೀರು ಸುರೀತಿದ್ಲು. ದಿನಾ! ಹಂಗಾದ್ರೂ ಬಿಟ್ನೇನು? ಯಾಕಂದ್ರ ಹಾಲ್ಟನ್ ಹೇಳಿದ್ದ, "ಮಿರಗದ ಮಳಿಯ ಮೊದಲನೇ ಆಟದಾಗ ಬಾದಾಮಿ ಕ್ಲಬ್ಬಿನ ಮ್ಯಾಲ ಯಾರು ಗೋಲು ಹೊಡೀತಾರ, ಅವರನ್ನ ಇಂಜಿನ್ ಮ್ಯಾಲ ಹತ್ತಸ್ತೇನಿ, ಫಾಯರ್‌ಮನ್ ಮಾಡತೇನಿ" ಅಂತ. ಬಾದಾಮಿ ಕಲ್ಲಿನ ಗಣಿ ಸಾಹೇಬರಂದ್ರ ಅವಗ ಮೈ ಉರೀತಿತ್ತು. ಮೂರು ವರ್ಷ ಸೋತಿದ್ದನಲ್ಲ! ಅವರ ಊರಿನ ಹೆಸರು ಎತ್ತಿದ್ರ ಚಾದ ಕಪ್ಪು ಕೆಳಗಿಡ್ತಿದ್ದ.

ಮತ್ತ ಆ ವರ್ಷ ಗೆಲ್ಲೂ ವರ್ಷಾನೂ ಆಗಿತ್ತು. ಯಾಕಂತಿ? ಮಳಿ ಬಿದ್ದು ಎರಿ ನೆಲಾ ಹೆಂಗಾಗಿತ್ತು! ಸಾಹೇಬರ ಬೂಟಿಗೆ ಮಣ್ಣು ಹತ್ತಿ ಹತ್ತಿ ಒಂದೊಂದು ಕಾಲು ಒಂದೊಂದು ಬೀಸೂಕಲ್ಲು. ನೀ ಬರಿಗಾಲಾಗ ಓಡಿದ್ದಿ ಅಂದ್ರ ಯಾರು ಹಿಡೀತಿದ್ರು ನಿನ್ನ? ಯಾರೂ ಇಲ್ಲ!

ಹೌದಪಾ, ಗೊತ್ತೈತಿ... ನಿನ್ನ ಆಡಾಕ ಬಿಡಲಿಲ್ಲ. ಆಟದ ದಿನಾ ಮುಂಜಾನಿ ಬಂಗ್ಲೆಕ ಕರಿಸಿದ, ಕೆಲಸದಿಂದಾನ ತಗದ ಹಾಕಿದ. "ನೀ ಬಾದಾಮಿಯವರ ಮನುಷ್ಯ, ಸೋಲಾಕ ಒಪ್ಪಿಕೊಂಡೀದಿ" ಅಂತ! ಥೂ! ನೀನು, ಸೋಲಾಕ! ಶಿರೂರಾಗ ನಾವು ಅರಬಿ ಚಿಂದಿ ಸುತ್ತಿದ ಉಂಡಿ ಒದಕೋಂತ ಬೆಳೀಮುಂದ ಹತ್ತು ವರ್ಷದ ಹುಡುಗಗ ಸೋತದ್ದಕ್ಕ ಎರಡು ದಿನಾ ಉಂಡಿದ್ದಿಲ್ಲ ನೀ. ಅಂಥಾವ ಬೇಕಂತ ಸೋಲ್ತಾನ?

ಯಾರು ಹಚ್ಚಿಕೊಟ್ರು ಅಂತಿ? ಇನ್ಯಾರು, ಆ ಕ್ಲಬ್ಬಿನ ಅಡಗಿ ಬಾಬುಸಾಬ! ಅಂವಾ ಬಾದಾಮಿಗೆ ಕೋಳಿ ತರಾಕ ಹೋಗಿದ್ನಂತ, ನೀ ಬಾದಾಮಿ ಸಾಹೇಬನ ಡೇರೆದಿಂದ ಹೊರಗ ಬರೂದು ನೋಡಿದ್ನಂತ. ಬಂದು ಊದ್ಯಾನ ಹಾಲ್ಟನ್ನನ ಕಿವ್ಯಾಗ... ಏನ್ ನೋಡ್ತಿ ಹಂಗ? ಬಾಬುಸಾಬನ! ನಿಮ್ಮವನ ನಿನಗ ಹಿಂಗ ಮಾಡಿದ. ನಾ ಅವನ ಮುಖಾನೂ ನೋಡಂಗಿಲ್ಲ ಈಗ.

ಆತು, ನಂದು ಕೇಳು. ನಿನ್ನ ಜಾಗಾದಾಗ, ಮುಂದಿನ ಸಾಲಿನ್ಯಾಗ, ನನ್ನ ನಿಂದರಸಿದ್ರು. ಗೋಲು ಹೊಡದವ್ನೂ ನಾನ! ಹೊಡದ್ನಿ ಅಂದ್ರ... ಹೊಡೀಲಿಲ್ಲ. ಜಾರಿ ಬಿದ್ದಿದ್ನಿ, ಚಂಡು ನನ್ನ ಮೊಣಕಾಲಿಗೆ ಬಡದು ತಾನಾ ಒಳಗ ಹೋತು. ಆದ್ರೂ ಗೋಲು ಗೋಲ ಅಲ್ಲೇನು? ಗೆದ್ರು. ಸಾಹೇಬರು ಟೊಪ್ಪಿಗಿ ಹಾರಿಸಿದ್ರು, ಒಬ್ಬರನ್ನೊಬ್ಬರು ಎತ್ತಿಕೊಂಡು ಕುಣದ್ರು. ಫೋಟೋ ತೆಗಿಯಾಂವ ವಿಜಾಪುರದಿಂದ ಬಂದಿದ್ದ. ನಾನೂ ಕೆಸರು ಒರಸ್ಕೊಂಡು ಸಾಲಿನ್ಯಾಗ ಹೋಗಿ ನಿಂತ್ನಿ. ಹಾಲ್ಟನ್ ಏನಂದ ಗೊತ್ತೇನು? "ಸಂಗಯ್ಯ, ಕುದರಿ ಹಿಡಕೊ" ಅಂದ. ನಾ ಕುದರಿ ಹಿಡಕೊಂಡು ಫೋಟೋದ ಹೊರಗ ನಿಂತ್ನಿ. ಗೋಲು ಹೊಡದಾಂವ!

ಮತ್ತ ಇಂಜಿನ್? ಇವತ್ತು ನಾಳಿ ಅಂತ ವರ್ಷ ಕಳದ. ಹೋದ ತಿಂಗಳ ಯಾವನೋ ಪರ ಊರಾಂವನ ತಂದು ಹತ್ತಿಸಿದ. ನಾ ಇನ್ನೂ ತಂಬಿಗಿ ಹಿಡಕೊಂಡ ನಿಂತೀನಿ. ಆ ಹೊಸಾಂವ ಇಂಜಿನ್ ಮ್ಯಾಲಿಂದ ಕೈ ಚಾಚಿ ನನಗ ನೀರು ಕೇಳ್ತಾನಲೇ, ನನಗ! ಕೇಳಿದ್ರ ಸಾಹೇಬ "ನಿನಗ ನಾ ಏನೂ ಹೇಳಿಲ್ಲ" ಅಂತಾನ. ನಂಬಿಸಿ ಕುತ್ತಿಗಿ ಕೊಯ್ದ! ಹೇಳು, ಇದು ಮೋಸ ಅಲ್ಲೇನು?

ಅದಕ್ಕ ಬಂದೀನಿ. ಬರೋ ಐತವಾರ ಮತ್ತ ಮೊದಲನೇ ಆಟ. ಬಾದಾಮಿ ಸಾಹೇಬ ಹೇಳಿ ಕಳಿಸ್ಯಾನ, ಇಬ್ಬರೂ ಬರ್ರಿ, ನಮ್ಮ ಕಡೆ ಆಡ್ರಿ, ಗಣಿಯೊಳಗ ಖಾಯಂ ನೌಕರಿ ಕೊಡತೇನಿ ಅಂತ. ನಡಿ ಹುಸೇನ್ಯಾ! ಹಾಲ್ಟನ್ನನ ಕಣ್ಣ ಮುಂದ ಮೂರು ಗೋಲು ಹೊಡಿ, ಅಂವಾ ಅಲ್ಲೇ ಮಣ್ಣಾಗ ಕುಂದರಬೇಕು! ಬಾದಾಮಿ ಸಾಹೇಬಗ ನೀ ಅಂದ್ರ ಭಾಳ ಪ್ರೀತಿ. ಆವತ್ತ ಡೇರೆದಾಗ ಹೊಸಾ ಬೂಟು ತಗದು ನಿನ್ನ ಮುಂದ ಇಟ್ಟಿದ್ನಲ್ಲ, ಯಾರಿಗೆ ಇಡ್ತಾರ ಹಂಗ? ನೀ ಹಾಕ್ಕೊಂಡು ನೋಡಿದಿ, ಎಡಗಾಲಿನ ಕಿರಿಬೆರಳಿಗೆ ಹಿಚಕ್ತು, ಬಿಚ್ಚಿಟ್ಟಿ. "ನಾ ಹಾಲ್ಟನ್ ಸಾಹೇಬಗ ಮಾತು ಕೊಟ್ಟೀನ್ರಿ" ಅಂದು ಎದ್ದು ಬಂದಿ...

ಯಾಕ? ಲಾಳಿ ಯಾಕ ಕೆಳಗಿಟ್ಟಿ?

ಬಾಬುಸಾಬನ ಹೇಳಿದನಪಾ ನನಗ, ಬೂಟಿಂದು. ಡೇರೆದ ಹೊರಗ ನಿಂತು ನೋಡ್ಯಾನ... ಕಿರಿಬೆರಳು? ಕಿರಿಬೆರಳಿಂದೂ ಅವನ... ಏನಂದಿ? ಆ ವಾರ ಬಾಬುಸಾಬ ಊರಾಗ ಇದ್ದಿದ್ದಿಲ್ಲ? ಮಗಳ ಲಗ್ನಕ್ಕ ಹೋಗಿದ್ದ? ನೀನ ಅವನ ಗಂಟು ಹೊತ್ತು ಗಾಡಿ ಹತ್ತಿಸಿದ್ದಿ?

ಹುಸೇನ್ಯಾ. ಹಂಗ ನೋಡಬ್ಯಾಡ. ಬಯ್ಯಿ ಬೇಕಾದ್ರ. ಹಂಗ ನೋಡಬ್ಯಾಡಪಾ.

ಬೂಟಿನ ಮಾತು ಹೊಳಿ ದಂಡಿ ಮ್ಯಾಲ ಹೇಳಿದ್ದಿ ನೀ. ಮೈ ತೊಳಕೋಂತ ಹೇಳಿದ್ದಿ, ನಕ್ಕೋಂತ. ಇಬ್ಬರ ಇದ್ದಿವಿ. ನಿನ್ನ ಮನಸಿನ್ಯಾಗ ಏನೂ ಇದ್ದಿಲ್ಲ, ನನಗ ಗೊತ್ತಿತ್ತು. ನೀ ಬೂಟು ಒಲ್ಲೆ ಅಂದದ್ದೂ ಗೊತ್ತಿತ್ತು. ಆದ್ರ ಆ ರಾತ್ರಿ ನನಗ ನಿದ್ದಿ ಬರಲಿಲ್ಲಲೇ. ನೀ ಇದ್ರ ಗೋಲು ನಿಂದ. ಇಂಜಿನ್ ನಿಂದ. ನಾ ಎಷ್ಟು ಓಡಿದ್ರೂ ನಿನ್ನ ಹಿಂದ. ಶಿರೂರಿನಿಂದಾನೂ ನಿನ್ನ ಹಿಂದ! ಮರುದಿನಾ ಬಂಗ್ಲೆಕ ಹೋದ್ನಿ. "ಹುಸೇನಪೀರ ಬಾದಾಮಿಯವರ ಬೂಟು ತಗೊಂಡಾನ್ರಿ" ಅಂದ್ನಿ. ಅಷ್ಟ ಅಂದ್ನಿ! ಕೆಲಸ ಬಿಡಸ್ತಾನಂತ ತಿಳದಿದ್ದಿಲ್ಲ ಹುಸೇನ್ಯಾ, ಲಿಂಗದಾಣಿ ತಿಳದಿದ್ದಿಲ್ಲ. ಒಂದ ಆಟ ಕೂಡಸ್ತಾನ, ಆಮ್ಯಾಲ ಎಲ್ಲಾ ಸರಿ ಆಗತೇತಿ ಅಂದ್ಕೊಂಡಿದ್ನಿ... ಮೋಸ ಮಾಡಿದಾಂವ ನಾನ. ಹಾಲ್ಟನ್ನಂದು ಆಮ್ಯಾಲಿಂದು.

ಮತ್ತ ಇನ್ನೊಂದು. ಬಾದಾಮಿ ಸಾಹೇಬ ನನ್ನ ಕೇಳಿಲ್ಲ. ನಿನ್ನ ಒಬ್ಬನ್ನ ಕೇಳ್ಯಾನ. "ಅವನ್ನ ಕರಕೊಂಡು ಬಂದ್ರ ನಿನ್ನೂ ತಗೋತೇನಿ" ಅಂದಾನ ನನಗ.

ಯಾಕ ಸಿಟ್ಟು ಬರವಲ್ದು ನಿನಗ? ಎದ್ದು ಒಂದ ಒದಿ! ಸುಮ್ಮನ ಯಾಕ ಕುಂತಿ... ಹುಸೇನ್ಯಾ. ನಿನಗ ಮೊದಲ ಗೊತ್ತಿತ್ತೇನು?

ಹಾಲ್ಟನ್ ಸಾಹೇಬ ನನ್ನ ಹೆಸರು ಹೇಳಿದ್ನೇನು? ಆವತ್ತ? ಬಂಗ್ಲೆದಾಗ?

ತಲಿ ಆಡಸ್ತಿ, ಹೌದಂತ...

ಅಂದ್ರ ನೀ... ಆವತ್ತ ಮಧ್ಯಾಹ್ನ ಬೇಲಿ ಹೊರಗ ಬಂದು ನಿಂತಿದ್ದಿ. ಮಳ್ಯಾಗ. "ಸಂಗ್ಯಾ, ಬಲಕ್ಕ! ಬಲಕ್ಕ ಓಡು!" ಅಂತ ಗಂಟಲು ಹರಿಯೂ ಹಂಗ ಚೀರತಿದ್ದಿ. ನಿನ್ನ ಮಾತು ಕೇಳಿ ಬಲಕ್ಕ ಓಡಿದ್ದಕ್ಕ ಆ ಚಂಡು ನನ್ನ ಕಾಲಿಗೆ ಬಂತು. ಗೊತ್ತಿದ್ದೂ ಚೀರಿದಿ? ಯಾಕ? ಯಾಕಲೇ?

ಯಾರೋ ಬಂದ್ರು... ನಿಮ್ಮವ್ವ. ಜೈನಬವ್ವ, ಶರಣು ಅವ್ವಾ. ಹ್ಞೂಂ, ಈಗ ಬಂದ್ನಿ. ಚಲೋ ಅದಾಳ ನಮ್ಮವ್ವ. ಬ್ಯಾಡವ್ವಾ, ಪೇರಲಹಣ್ಣು ಬ್ಯಾಡ... ಗೊತ್ತೈತಿ, ಹಣ್ಣಿಗೆ ಮೈಲಿಗಿ ಇಲ್ಲ, ಅದಕ್ಕಲ್ಲ. ಹಸಿವಿಲ್ಲ ನನಗ.

ಏನಂದಿ ಅವ್ವಾ?

ನಾ? ನಾ ಸಾಹೇಬನ ಬಂಗ್ಲೆ ಮುಂದ ನಿಂತು ನಿನ್ನ ಮಗನ ಸಲುವಾಗಿ ಜಗಳಾ ಮಾಡಿದ್ನಿ? ಅದಕ್ಕ ನನಗ ಇಂಜಿನ್ ನೌಕರಿ ಇನ್ನೂ ಸಿಕ್ಕಿಲ್ಲ ಅಂತ? ಐದು ಹೊತ್ತಿನ ನಮಾಜಿನ್ಯಾಗ ನನ್ನ ಹೆಸರು ತಗೋತಿ... ವರ್ಷಪೂರ್ತಿ? ಯಾರವ್ವಾ, ಯಾರು ಹೇಳಿದ್ರು ನಿನಗ?

ಇಂವಾ?

ಹುಸೇನ್ಯಾ, ಕೈ ಸನ್ನಿ ಮಾಡಬ್ಯಾಡ. ಸುಮ್ಮನಿರು ಅಂತ ಸನ್ನಿ ಮಾಡಬ್ಯಾಡ ನನಗ. ನೀ ವರ್ಷಪೂರ್ತಿ ಸುಮ್ಮನಿದ್ದದ್ದು ಸಾಕು.

ಅವ್ವಾ, ಆ ಬುಟ್ಟಿ ಕೆಳಗ ಇಡು. ಇಲ್ಲಿ ಬಾ, ನನ್ನ ಮುಂದ ಕೂಡು. ನಿನ್ನ ಮಗ ನಿನಗ ಒಂದು ಸುಳ್ಳು ಹೇಳ್ಯಾನ.