ಹೊಗೆ ಯಾರದು

...ಮೊದಲು ಬಾಯಲ್ಲಿರೋ ಮೊಳೆ ಉಗುಳಿ, ಆಮೇಲೆ ತಲೆ ಅಲ್ಲಾಡಿಸುವಿರಂತೆ. ಒಳ್ಳೇ ನೆಪ ಸಿಕ್ಕಿದೆ ನಿಮಗೆ. ಸೋಫಾಕ್ಕೆ ಬಟ್ಟೆ ಹೊಡೆಯೋರು, ಬಾಯಿ ತುಂಬ ಮೊಳೆ, ಪಾಪ ಮಾತು ಎಲ್ಲಿಂದ ಬರಬೇಕು... ಆಸ್ಪತ್ರೇಲಿ ಮಾತ್ರ ಸಲೀಸಾಗಿ ಬಂತಲ್ಲ? "ಹೊಗೆ ನಂದು ಡಾಕ್ಟ್ರೇ. ಮನೇಲಿ ನಾನು ಸೇದ್ತೀನಿ, ಇವಳು ಪಾಪ ಉಸಿರಾಡಿರ್ತಾಳೆ." ಇವಳು ಪಾಪ ಅಂತೆ.

ಅಲ್ಲಾ, ನಾಳಿದ್ದು ಆಪರೇಷನ್ ಇತ್ತು ರೀ. ಎಂಟು ತಿಂಗಳ ಹಿಂದೆ ಕ್ಯಾನ್ಸರ್ ಅಂತ ಒಂದು ಮೊಲೆ ತೆಗೆದ್ರು, ಈಗ ಆ ಜಾಗಕ್ಕೆ ಹೊಸದು ಕೂರಿಸೋರಿದ್ರು. ಹೊಟ್ಟೆಯಿಂದ ಚರ್ಮ, ಮಾಂಸ ತೆಗೆದು ಎದೆಗೆ. ಹೊಗೆ ಒಳಗೆ ಹೋದ್ರೆ ರಕ್ತನಾಳ ಬಿಗಿದುಕೊಂಡು ಕೂರಿಸಿದ್ದು ಹಿಡಿಯೋದೇ ಇಲ್ಲ, ಕಪ್ಪಾಗಿ ಹೋಗುತ್ತೆ ಅಂತ ಮಗುಗೆ ಹೇಳೋ ಹಾಗೆ ಹೇಳಿದ್ರಲ್ಲ. ಆರು ವಾರ ಒಂದು ದಮ್ಮೂ ಎಳೀಬಾರದು ಅಂದ್ರು. ಇವತ್ತು ನನ್ನ ಮೂತ್ರದಲ್ಲಿ ನಿಕೋಟಿನ್ ಸಿಕ್ತು, ಮತ್ತೆ ಆರು ವಾರ ಮುಂದೆ ಹೋಯ್ತು. ಯಾರಿಂದ? ನಿಮ್ಮಿಂದ. ನೀವೇ ಒಪ್ಕೊಂಡಿದ್ದೀರಿ.

ನಗ್ತಿದ್ದೀರಾ? ಬೆನ್ನು ಕುಲುಕ್ತಾ ಇದೆ... ಓ, ಕೆಮ್ಮು. ಸಿಗರೇಟು ಬಿಟ್ಟಾಗಿಂದ ಹಿಡಿದಿರೋ ಕೆಮ್ಮು, ಇನ್ನೂ ಹೋಗಿಲ್ಲ ಅದು...

ಏನು? ಏನಂದೆ ನಾನು? ಬಿಟ್ರೋ ಇಲ್ವೋ ನನಗೇನು ಗೊತ್ತು. ನಿಮ್ಮ ಹಿಂದೆ ಹಿಂದೆ ತಿರುಗೋದೇ ನನ್ನ ಕೆಲಸಾನಾ?

ನನಗೆ ಸೇದೋದು ಕಲಿಸಿದ್ದು ಯಾರು ಹೇಳಿ. ಹದಿನಾರು ವರ್ಷ, ಅಂಗಡಿ ಬಾಗಿಲು ಎಳೆಯೋ ಮುಂಚೆ ಒಂದೇ ಸಿಗರೇಟು, ನಿಮಗರ್ಧ, ನನಗರ್ಧ. ಅತ್ತೆ ಮೂಗಿಗೆ ವಾಸನೆ ಬಿದ್ದಾಗ, ಯಾರೋ ಗಿರಾಕಿ ಸೇದಿದ್ದು ಅಂತ ನನ್ನ ಬಚಾವ್ ಮಾಡಿದ್ದೂ ನೀವೇ. ಸುಳ್ಳು ನಿಮಗೆ ನೀರು ಕುಡಿದಷ್ಟು ಸುಲಭ. ಅಥವಾ ಆ ನರ್ಸಮ್ಮನೇ ಬಾಟಲಿ ಅದಲು ಬದಲು ಮಾಡಿರಬೇಕು. ಫೋನಲ್ಲಿ ಮಾತಾಡ್ಕೊಂಡೇ ಚೀಟಿ ಅಂಟಿಸ್ತಿದ್ಲು...

ಯಾಕೆ ಸುತ್ತಿಗೆ ನಿಲ್ಲಿಸಿದ್ರಿ?

ಏನಾದ್ರೂ ಅನ್ನಿ. ನಾನು ಆರು ವಾರದಿಂದ ಮುಟ್ಟಿಲ್ಲ ಕಣೇ ಅನ್ನಿ. ಬೈಯಿರಿ. ಸುಮ್ಮನೆ ನಿಂತ್ರೆ ನಾನೇನು ತಿಳ್ಕೋಬೇಕು?

...ಗೊತ್ತಾ ನಿಮಗೆ?

ಅಂದ್ರೆ ಡಾಕ್ಟರ ಮುಂದೇನೇ ಗೊತ್ತಿತ್ತು. ಗೊತ್ತಿದ್ದೇ ತಲೆ ಮೇಲೆ ಹಾಕ್ಕೊಂಡ್ರಿ.

ಹೂಂ. ನಾನೇ. ಮೊನ್ನೆ ಎರಡು, ನಿನ್ನೆ ಎರಡು, ಇವತ್ತು ಬೆಳಿಗ್ಗೆ ಬಚ್ಚಲಲ್ಲಿ ಒಂದು. ಚಟ ತಡೀಲಾರದೆ ಅಂದ್ಕೋಬೇಡಿ, ಬಾಯೆಲ್ಲ ಕಹಿಯಾಗಿತ್ತು. ಪರೀಕ್ಷೇಲಿ ಸಿಕ್ಕಿಬೀಳಲಿ ಅಂತ ಬೇಕೂಂತಲೇ ಸೇದಿದೆ.

ಡಾಕ್ಟರು ಹಾಳೆ ಮೇಲೆ ಚಿತ್ರ ಬರೆದು ತೋರಿಸಿದ ದಿನ ನೀವು ಕೇಳಿದ್ದು ಒಂದೇ ಮಾತು. "ಎರಡೂ ಸರಿಸಮ ಬರುತ್ತಾ?" ಹರಿದ ಕುರ್ಚಿ ತಂದಿಟ್ಟು ಗಿರಾಕಿಗಳು ನಿಮ್ಮನ್ನ ಕೇಳ್ತಾರಲ್ಲ, ಅದೇ ಧಾಟಿ. ಬರುತ್ತೆ ಅಂದಾಗ ನಿಮ್ಮ ಮುಖ ಅರಳಿದ್ದು ನೋಡಿದೆ ನಾನು. ಕಾಯಿಲೆ ವಾಸಿಯಾಯ್ತು ಅಂದಾಗಲೂ ಅಷ್ಟು ಅರಳಿರಲಿಲ್ಲ.

ಕೆಟ್ಟೋರಲ್ಲ ನೀವು, ಹಾಗಂದ್ರೆ ನನ್ನ ನಾಲಿಗೆ ಬಿದ್ದುಹೋಗುತ್ತೆ. ತಿನ್ನಿಸಿದ್ರಿ, ವಾಂತಿ ಬಳಿದ್ರಿ, ನನ್ನ ಜೊತೆ ನೀವೂ ಸಿಗರೇಟು ಬಿಟ್ರಿ. ಆದ್ರೆ ನಾನು ಬಟ್ಟೆ ಬದಲಾಯಿಸೋವಾಗ ಗೋಡೆ ಕಡೆ ತಿರುಗಿ ನಿಲ್ತೀರಲ್ಲ. ಮೊದಮೊದಲು ಮರ್ಯಾದೆ ಕೊಡ್ತಿದ್ದೀರಿ ಅಂದ್ಕೊಂಡೆ. ಎಂಟು ತಿಂಗಳು ರೀ. ಎಷ್ಟೂಂತ ಮರ್ಯಾದೆ?

ಹೊಸದು ಬಂದ್ರೆ ನೀವು ನನ್ನ ಕಡೆ ತಿರುಗ್ತೀರಿ. ಅದೇ ನನಗೆ ಭಯ. ಅವತ್ತು ತಿರುಗಿಬಿಟ್ರೆ, ಇಷ್ಟು ದಿನ ಬೆನ್ನು ಹಾಕಿದ್ದು ಯಾರಿಗೆ ಅಂತ ನನಗೆ ಖಾತ್ರಿಯಾಗಿಬಿಡುತ್ತೆ.

ಅದಕ್ಕೇ ಕೇಳ್ತಿದ್ದೀನಿ, ಅದಕ್ಕಿಂತ ಮುಂಚೆ ಒಂದು ಸಲ ನೋಡಿ. ಹೀಗಿರೋವಾಗಲೇ. ಅಂಗಡಿ ಬಾಗಿಲು ಹಾಕಿದ್ದೀನಿ, ಯಾರೂ ಬರಲ್ಲ. ಗುಂಡಿ ಬಿಚ್ಚಿದ್ದೀನಿ... ಈ ಕಡೆ ತಿರುಗಿ.

ರೀ...

ಕೇಳಿಸ್ತಾ? ಮತ್ತೆ ಮೊಳೆ ಬಾಯಿಗೆ ಹಾಕ್ಕೊಂಡ್ರಾ...

...ಆಯ್ತು. ಆರು ವಾರ ತಾನೆ. ಸಿಗರೇಟು ಬಿಡ್ತೀನಿ.