ಬಲಗಿವಿಯ ಒಂಟಿ

ಇದು ಯಾರೋ ಹೇಳಿದ್ದಲ್ಲ. ನಮ್ಮ ದೊಡ್ಡಪ್ಪನ ಮಗಳು ಭವ್ಯಾಗೆ ಆದದ್ದು. ಸಾಗರದ ಒಂದು ಸಣ್ಣ ಆಸ್ಪತ್ರೆಯ ಸ್ಕ್ಯಾನಿಂಗ್ ರೂಮಿನಲ್ಲಿ ಆಗ ಅವಳಿಗೆ ಕೆಲಸ. ದೀಪ ಆರಿಸಬೇಡಿ... ಇರಲಿ.

ಆ ರಾತ್ರಿ ಎರಡನೇ ಪಾಳಿ ಮುಗಿದಾಗ ಹತ್ತು ಗಂಟೆ ದಾಟಿತ್ತು. ಜೊತೆಯಲ್ಲಿ ಕೆಲಸ ಮಾಡುವ ದಿನೇಶ್ ಬೈಕ್ ತೆಗೆದ.

"ಬಿಡ್ಲಾ ಮೇಡಂ? ಆಲದ ಮರದ ಹತ್ರ ನಿಮ್ಮನ್ನ ಯಾರಾದ್ರೂ ಹಿಡ್ಕೊಂಡ್ರೆ ನಾಳೆ ಎರಡೂ ಪಾಳಿ ನನ್ನ ತಲೆಗೆ."

"ನನ್ನ ಹಿಡ್ಕೊಂಡವರು ಅವರೇ ಬಿಟ್ಟು ಓಡ್ತಾರೆ. ಹೋಗೋ ಮಾರಾಯ."

ನಡೆದೇ ಹೊರಟಳು. ಅವಳ ಬಾಡಿಗೆ ರೂಮಿಗೆ ಹೋಗುವ ದಾರಿಯಲ್ಲಿ ಒಂದು ಆಲದ ಮರ. ಅದರ ಬುಡದಲ್ಲಿ ಬಾವಿ. ನಲ್ಲಿ ನೀರು ಬಂದ ಮೇಲೆ ಅದನ್ನು ಯಾರೂ ಸೇದುವುದಿಲ್ಲ. ಮೇಲೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ಗಾಳಿ ಇರಲಿಲ್ಲ. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಅವಳ ಚಪ್ಪಲಿಯ ಪಟಪಟ ಒಂದೇ ಸದ್ದು.

ಬಾವಿಯ ಪಕ್ಕಕ್ಕೆ ಬಂದಾಗ... ಟಿಣ್.

ಕಲ್ಲಿನ ಕಟ್ಟೆಯ ಮೇಲೆ ಸಣ್ಣ ಬಂಗಾರದ ಚೂರು ಬಿದ್ದ ಹಾಗೆ ಸದ್ದು. ಆಮೇಲೆ ಅದು ಉರುಳಿತು. ಸುರ್ರ್... ಅಂತ ಒಂದು ಸುತ್ತು. ನಿಂತಿತು.

ಭವ್ಯಾ ಮೊಬೈಲ್ ಬೆಳಕು ಹಾಕಿದಳು. ಕಟ್ಟೆಯ ಮೇಲೆ ಏನೂ ಇಲ್ಲ.

ಆಗ ಬೆನ್ನ ಹಿಂದೆ, ಕಿವಿಗೆ ತೀರಾ ಹತ್ತಿರ, ಒಣಗಿದ ಗಂಟಲಿನ ಪಿಸುಮಾತು.

"ಯಾವ ಕಡೆ, ತಂಗೀ?"

ಅವಳು ತಿರುಗಲಿಲ್ಲ. ಓಡಲೂ ಇಲ್ಲ. ಮೊಂಡು ಹೆಣ್ಣು ಅದು. ಬಿರಬಿರನೆ ನಡೆದು ರೂಮಿಗೆ ಹೋಗಿ ಚಿಲಕ ಹಾಕಿ ಗೋಡೆಗೆ ಒರಗಿ ಕೂತಳು. ದನಿ ಯಾರದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದೇ ಕಷ್ಟ.

ಮೂರು ವಾರದ ಹಿಂದಿನ ಮಾತು. ಹೊಸನಗರದ ಕಡೆಯ ಜಟ್ಟಿಂಗಪ್ಪ ಅನ್ನುವ ಮುದುಕರನ್ನು ಮಗಳು ಹೂವಮ್ಮ ಕರೆದುಕೊಂಡು ಬಂದಿದ್ದಳು. ಅದಕ್ಕೂ ನಾಲ್ಕು ದಿನ ಮುಂಚೆ ತೀರ್ಥಹಳ್ಳಿಯಲ್ಲಿ ಬಸ್ಸಿನ ಮೆಟ್ಟಿಲಿನಿಂದ ಬಿದ್ದು ತಲೆಗೆ ಪೆಟ್ಟು. ಅಲ್ಲೇ ಒಂದು ಸ್ಕ್ಯಾನ್ ಮಾಡಿಸಿ, ಒಳಗೆ ಸ್ವಲ್ಪ ರಕ್ತ ಕಟ್ಟಿದೆ, ಕಾದು ನೋಡುವಾ ಅಂದಿದ್ದರಂತೆ. ಈಗ ಅಜ್ಜನಿಗೆ ಅರೆಬರೆ ಎಚ್ಚರ. ಹೊಸದಾಗಿ ಸ್ಕ್ಯಾನ್ ಆಗಬೇಕಿತ್ತು.

ಅಜ್ಜನ ಬಲಗಿವಿಯಲ್ಲಿ ಒಂದು ಬಂಗಾರದ ಒಂಟಿ. ಎಡಗಿವಿ ಖಾಲಿ.

"ಅದನ್ನ ತೆಗೀರಿ," ಅಂದಳು ಭವ್ಯಾ.

"ತೆಗಿಯಂಗಿಲ್ಲಮ್ಮ," ಅಂದಳು ಹೂವಮ್ಮ. "ಅಪ್ಪನಿಗಿಂತ ಮುಂಚೆ ಹುಟ್ಟಿದ ಮೂರು ಮಕ್ಕಳು ಉಳೀಲಿಲ್ಲ. ಇದೊಂದು ಉಳೀಲಿ ಅಂತ ಹರಕೆ ಹೊತ್ತು ಹಾಕಿದ ಒಂಟಿ. ಹೋಗುವಾಗ ಅದರ ಜೊತೆಗೇ ಹೋಗಬೇಕು."

"ಲೋಹ ಇದ್ರೆ ಚಿತ್ರದಲ್ಲಿ ಬಿಳಿ ಗೆರೆ ಬರ್ತದೆ ಅಕ್ಕ."

"ಇಷ್ಟು ದೊಡ್ಡ ಮೆಷೀನಿಗೆ ಇಷ್ಟು ಸಣ್ಣ ಒಂಟಿ ಕಂಡ್ರೆ ಹೆದರಿಕೆಯಾ?"

ಭವ್ಯಾಗೆ ರೇಗಿತು. ಹೂವಮ್ಮನನ್ನು ಹೊರಗೆ ಕೂರಿಸಿದಳು. ಒಂಟಿ ಬಿಚ್ಚಲು ಬರಲಿಲ್ಲ, ಎಪ್ಪತ್ತು ವರ್ಷದಿಂದ ಕೂತದ್ದು. ಕತ್ತರಿಯಲ್ಲಿ ಕತ್ತರಿಸಿದಳು. ಕಟಕ್. ಅಜ್ಜ ಕಣ್ಣು ಬಿಟ್ಟು ಅವಳ ಮಣಿಕಟ್ಟು ಹಿಡಿದರು.

"ಬಲಗಡೇದು ತಂಗೀ... ಬಲಗಡೇದು..."

"ಆಯ್ತು ಅಜ್ಜ, ಸುಮ್ನೆ ಮಲಗಿ." ಒಂಟಿಯನ್ನು ಏಪ್ರನ್ ಜೇಬಿಗೆ ಹಾಕಿಕೊಂಡಳು.

ಆಪರೇಷನ್ ಮಾಡುವ ಡಾಕ್ಟರ್ ನಿರಂಜನ ಶಿವಮೊಗ್ಗದಿಂದ ಬರುತ್ತಿದ್ದರು. ಫೋನಿನಲ್ಲೇ ಹೇಳಿದರು: "ಹಳೇದು, ಹೊಸದು ಎರಡನ್ನೂ ಪಕ್ಕಪಕ್ಕ ಹಾಕಿಡಮ್ಮ. ನಾನು ಕಾರಲ್ಲೇ ನೋಡಿ ಪ್ಲಾನ್ ಮಾಡ್ತೀನಿ. ಟೈಮಿಲ್ಲ."

ಅದಕ್ಕೇ ಒಂದು ಸಾಫ್ಟ್‌ವೇರ್ ಇದೆ. ಒಂದು ಪರದೆಯಲ್ಲಿ ನಾಲ್ಕು ಕಿಟಕಿ. ಒಂದರಲ್ಲಿ ಹಳೆಯ ಚಿತ್ರ, ಪಕ್ಕದ್ದರಲ್ಲಿ ಹೊಸದು, ಕೆಳಗೆ ಬೇರೆ ಕೋನದವು. ಎಲ್ಲಿ ಕೊರೆಯಬೇಕು ಅಂತ ಡಾಕ್ಟರು ಅದರ ಮೇಲೇ ಗುರುತು ಹಾಕುತ್ತಾರೆ. ಚಿತ್ರ ಜೋಡಿಸಿ ಕೊಡುವುದು ಭವ್ಯಾಳ ಕೆಲಸ.

ತೀರ್ಥಹಳ್ಳಿಯ ಚಿತ್ರ ಫಿಲ್ಮಿನಲ್ಲಿತ್ತು, ಕಿವಿಯಿಂದ ಮೇಲಿನ ಭಾಗದ್ದು ಮಾತ್ರ. ಅದನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಮೊಬೈಲಿನಲ್ಲಿ ಫೋಟೋ ಹೊಡೆದಳು. ಅಂಚು ಕತ್ತರಿಸಿ ಒಳಗೆ ಹಾಕಿದಳು. ಪಕ್ಕದಲ್ಲಿ ಹೊಸದನ್ನು ಹಾಕಿದಳು.

ಹೊಂದಲಿಲ್ಲ. ಹಳೆಯದರಲ್ಲಿ ರಕ್ತ ಒಂದು ಕಡೆ, ಹೊಸದರಲ್ಲಿ ಇನ್ನೊಂದು ಕಡೆ.

ನಾಲ್ಕು ದಿನದಲ್ಲಿ ರಕ್ತ ತಲೆಯ ಆಚೆ ಬದಿಗೆ ಹೋಗುವುದಿಲ್ಲ. ಎರಡರಲ್ಲಿ ಒಂದು ತಿರುಗುಮುರುಗಾಗಿದೆ. ಯಾವುದು? ಹಿಂದಿನ ತಿಂಗಳು ರೋಗಿ ಮಲಗಿದ ದಿಕ್ಕನ್ನು ತಪ್ಪಾಗಿ ಬರೆದು ಎಲ್ಲರೆದುರು ಬೈಸಿಕೊಂಡಿದ್ದಳು. ಈ ಸಲವೂ ತನ್ನದೇ ತಪ್ಪು ಅಂದುಕೊಂಡಳು. ಡಾಕ್ಟರಿಗೆ ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಮತ್ತೆ ಬೈಗುಳ. ಫ್ಲಿಪ್ ಬಟನ್ ಒತ್ತಿದಳು. ಟಿಕ್. ಹೊಸ ಚಿತ್ರ ಮಗುಚಿತು. ಈಗ ಎರಡೂ ಜೋಡೆತ್ತಿನ ಹಾಗೆ ಒಂದೇ ಥರ. ಕಣ್ಣಿಗೆ ಎಷ್ಟು ಸಮಾಧಾನ!

ಆದರೆ ತಿರುಗುಮುರುಗಾಗಿದ್ದು ಹಳೆಯದು. ಅವಸರದಲ್ಲಿ ಫಿಲ್ಮನ್ನು ಹಿಂಬದಿಯಿಂದ ಸಿಕ್ಕಿಸಿದ್ದಳು. ಎಡ ಬಲ ಬರೆದ ಅಂಚನ್ನೂ ಅವಳೇ ಕತ್ತರಿಸಿದ್ದಳು. ಒಂಟಿ ಕಿವಿಯಲ್ಲೇ ಇದ್ದಿದ್ದರೆ ಹೊಸ ಚಿತ್ರದಲ್ಲಿ ಬೆಳ್ಳಗೆ ಹೊಳೆದು, ಬಲ ಯಾವುದೆಂದು ಅದೇ ಹೇಳುತ್ತಿತ್ತು.

ಡಾಕ್ಟರ್ ಎಡಗಡೆ ತೂತು ಕೊರೆದರು. ರಕ್ತ ಇರಲಿಲ್ಲ. ಬಲಗಡೆ ಕೊರೆಯುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು. ಮೂರನೇ ದಿನ ಅಜ್ಜ ತೀರಿಕೊಂಡರು.

"ಚಿತ್ರ ಹೇಗಮ್ಮ ಉಲ್ಟಾ ಆಯ್ತು?" ಡಾಕ್ಟರ್ ಕೇಳಿದರು.

"ತೀರ್ಥಹಳ್ಳಿಯವರು ಕೊಟ್ಟದ್ದೇ ಹಾಗಿತ್ತು ಸಾರ್."

ಒಂದೇ ಮಾತು. ಅಲ್ಲಿ ಸ್ಕ್ಯಾನ್ ಮಾಡಿದ್ದ ಶ್ರೀಕರ ಅನ್ನುವವನನ್ನು ಕೆಲಸದಿಂದ ತೆಗೆದರು ಅಂತ ಆಮೇಲೆ ಸುದ್ದಿ ಬಂತು. ಭವ್ಯಾ ಬಾಯಿ ಬಿಡಲಿಲ್ಲ. ಏಪ್ರನ್ ಒಗೆಯುವಾಗ ಜೇಬಿನಲ್ಲಿ ಒಂಟಿ ಸಿಕ್ಕಿತು. ಕೊಡಬೇಕೆಂದರೆ ಹೂವಮ್ಮನ ಮುಖ ನೋಡಬೇಕಲ್ಲ. ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು.

ಬಾವಿಯ ಹತ್ತಿರ ದನಿ ಕೇಳಿದ ಮಾರನೇ ರಾತ್ರಿ ಅವಳೊಬ್ಬಳೇ ಪಾಳಿಯಲ್ಲಿದ್ದಳು. ಒಂದು ಸಣ್ಣ ಹುಡುಗಿಯ ತಲೆಯ ಚಿತ್ರಗಳನ್ನು ನಾಲ್ಕು ಕಿಟಕಿಯಲ್ಲಿ ಜೋಡಿಸುತ್ತಿದ್ದಳು. ಮೌಸಿನ ಗಾಲಿ ತಿರುಗಿಸಿದರೆ ನಾಲ್ಕೂ ಒಟ್ಟಿಗೆ ಓಡಬೇಕು. ಮೂರು ಓಡಿದವು. ನಾಲ್ಕನೆಯದು ನಿಂತೇ ಇತ್ತು.

ಕೈ ತೆಗೆದಳು.

ಟಿಕ್... ಟಿಕ್... ಟಿಕ್... ಗಾಲಿ ತಾನೇ ತಿರುಗಿತು. ನಾಲ್ಕನೆಯದು ಮಾತ್ರ ನಿಧಾನಕ್ಕೆ ಕೆಳಗೆ ಇಳಿಯಿತು. ನೆತ್ತಿ... ಹಣೆ... ಕಣ್ಣು... ಕಿವಿಯ ಹತ್ತಿರ ನಿಂತಿತು. ಅಲ್ಲಿ ಒಂದು ಬಿಳಿ ಚುಕ್ಕೆ. ಸುತ್ತ ನಕ್ಷತ್ರದ ಹಾಗೆ ಗೆರೆ.

ಆ ಹುಡುಗಿಗೆ ಕಿವಿಯೇ ಚುಚ್ಚಿರಲಿಲ್ಲ.

ಭವ್ಯಾ ಫ್ಲಿಪ್ ಒತ್ತಿದಳು. ತಲೆ ಮಗುಚಿತು. ಚುಕ್ಕೆ ಮಗುಚಲಿಲ್ಲ. ಇದ್ದ ಜಾಗದಲ್ಲೇ ಇತ್ತು. ಮತ್ತೆ ಒತ್ತಿದಳು. ಮತ್ತೆ. ತಲೆ ಅತ್ತ ಇತ್ತ ಮಗುಚುತ್ತಿದೆ, ಚುಕ್ಕೆ ಮಾತ್ರ ಮೊಳೆ ಹೊಡೆದ ಹಾಗೆ ನಿಂತಿದೆ. ಬೀಗ ಹಾಕಿದ ಡ್ರಾಯರಿನ ಒಳಗೆ... ಟಿಣ್. ಸುರ್ರ್...

"ಯಾವ ಕಡೆ, ತಂಗೀ?"

ಅವಳು ಡ್ರಾಯರಿನ ಕಡೆ ತಿರುಗಿದಳು.

"ಬಲಗಡೆ ಅಜ್ಜ," ಅಂದಳು. "ನೀವು ಹೇಳಿದ್ರಿ... ಬಲಗಡೆ. ತಿರುಗಿಸಿದ್ದು ನಾನು."

ಫ್ಯಾನಿನ ಗರಗರ ಬಿಟ್ಟರೆ ಬೇರೆ ಸದ್ದಿಲ್ಲ. ನಾಲ್ಕೂ ಕಿಟಕಿ ಒಟ್ಟಿಗೆ ಓಡಿದವು. ಚುಕ್ಕೆ ಇರಲಿಲ್ಲ.

ಬೆಳಿಗ್ಗೆ ಡಾಕ್ಟರ್ ನಿರಂಜನರಿಗೆ ಎಲ್ಲ ಹೇಳಿದಳು. ಬರೆದೂ ಕೊಟ್ಟಳು. ಕೆಲಸ ಹೋಯಿತು. ಶ್ರೀಕರನ ಹೆಸರಿಗೆ ಹತ್ತಿದ್ದ ಮಸಿ ಅಷ್ಟರಮಟ್ಟಿಗೆ ತೊಳೆದುಹೋಯಿತು. ಅದೇ ದಿನ ಹೊಸನಗರದ ಬಸ್ಸು ಹತ್ತಿ ಹೂವಮ್ಮನ ಅಂಗಳದಲ್ಲಿ ನಿಂತಳು. ನಿಂತೇ ಹೇಳಿದಳು. ಹೂವಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ನೀ ತಪ್ಪು ಮಾಡದೇ ಇದ್ದಿದ್ರೆ ಅಪ್ಪ ಉಳೀತಿದ್ರಾ?"

"ಗೊತ್ತಿಲ್ಲ ಅಕ್ಕ."

"ಹಾಗಾದ್ರೆ ನಿನ್ನ ಏನ್ ಮಾಡಬೇಕು ಅಂತ ನಂಗೂ ಗೊತ್ತಿಲ್ಲ." ಕೈ ಚಾಚಿದಳು. "ಒಂಟಿ ಕೊಡು."

ಕೊಟ್ಟಳು. ಹೂವಮ್ಮ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಒಳಗೆ ಹೋದಳು. ಕೂತ್ಕೋ ಅನ್ನಲಿಲ್ಲ. ನೀರು ಬೇಕಾ ಅನ್ನಲಿಲ್ಲ. ಅಪ್ಪನ ಬೂದಿ ಬಿಟ್ಟ ಕಡೆಯೇ ಹೊಳೆಗೆ ಒಂಟಿಯನ್ನೂ ಬಿಟ್ಟಳು ಅಂತ ಆಮೇಲೆ ತಿಳಿಯಿತು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆವು.

ಹೋದ ಯುಗಾದಿ ಕಳೆದ ಮೇಲೆ ಭವ್ಯಾಗೆ ಒಂದೇ ಸಮ ತಲೆನೋವು. ದಿನೇಶನೇ ಸ್ಕ್ಯಾನ್ ಮಾಡಿದ. ಎರಡು ವರ್ಷದ ಹಿಂದೆ ಅವಳದ್ದೇ ಒಂದು ಸ್ಕ್ಯಾನ್ ಇತ್ತು. ಅದನ್ನೂ ಇದನ್ನೂ ಪಕ್ಕಪಕ್ಕ ಹಾಕಿ ನೋಡಿದವನು ಗದರಿದ.

"ಏನ್ ಮೇಡಂ, ಊರಿಗೆಲ್ಲ ಬುದ್ಧಿ ಹೇಳೋರು ನೀವೇ ಓಲೆ ತೆಗೀದೆ ಮಲಗಿದ್ರಾ? ಅದೂ ಒಂದೇ ಕಿವಿಗೆ?"

ಭವ್ಯಾ ಎರಡೂ ಕಿವಿ ಮುಟ್ಟಿ ನೋಡಿಕೊಂಡಳು. ಎರಡೂ ಖಾಲಿ. ಕೆಲಸ ಹೋದ ದಿನದಿಂದ ಅವಳು ಕಿವಿಗೆ ಏನೂ ಹಾಕಿಲ್ಲ.

ತಲೆಯಲ್ಲಿ ಏನೂ ದೋಷವಿಲ್ಲ ಅಂದರು. ದಿನೇಶ ತೆಗೆದ ಆ ಫಿಲ್ಮ್ ನಮ್ಮ ಮನೆಯ ಬೀರುವಿನಲ್ಲಿದೆ. ಸುಳ್ಳು ಅನ್ನುವವರು ಹಗಲಲ್ಲಿ ಬನ್ನಿ, ಕೈಗೇ ಕೊಡುತ್ತೇನೆ. ಕಿಟಕಿಯ ಬೆಳಕಿಗೆ ಮುಂಬದಿಯಿಂದ ಹಿಡಿದು ನೋಡಿ. ಆಮೇಲೆ ಹಿಂಬದಿಯಿಂದ ಹಿಡಿದು ನೋಡಿ. ಚಿತ್ರದ ತಲೆ ಮಗುಚುತ್ತದೆ, ಅಂಚಿನ ಅಕ್ಷರ ಮಗುಚುತ್ತದೆ. ನಾನೇ ಎಷ್ಟೋ ಸಲ ಹಿಡಿದು ನೋಡಿದ್ದೇನೆ.

ಆ ಬಿಳಿ ಚುಕ್ಕೆ ಇದ್ದ ಕಡೆಯೇ ಇರುತ್ತದೆ.